ಮಾನ್ಯ ಸದಸ್ಯರು ಕಳವಳ ವ್ಯಕ್ತಪಡಿಸಿದರು

"ಕಳವಳ ವ್ಯಕ್ತಪಡಿಸಿದರಂತೆ! ಯಾರು, ಆ ಮನುಷ್ಯನಾ?"

ಟೈಪು ಮಾಡಿದ ಹಾಳೆಗಳನ್ನು ನರ್ಸಮ್ಮ ಮೇಜಿನ ಮೇಲೆ ಎಸೆದಾಗ ಇಸ್ತ್ರಿ ತನ್ನ ಪೆನ್ಸಿಲ್ ಚೂಪು ಮಾಡುತ್ತಿದ್ದ. ಮೊನೆ ಮುರಿಯಿತು.

ಅವನು ನಗರಸಭೆಯ ಶೀಘ್ರಲಿಪಿಕಾರ. ಹತ್ತೊಂಬತ್ತು ವರ್ಷಗಳಿಂದ ಸಭೆಯಲ್ಲಿ ಯಾರು ಏನಂದರೂ ಗೆರೆ, ಕೊಕ್ಕೆ, ಚುಕ್ಕಿಗಳಲ್ಲಿ ಹಿಡಿದು, ಮಾರನೇ ದಿನ ಟೈಪು ಮಾಡಿ ನಡಾವಳಿ ಎಂದು ಹಂಚುತ್ತಿದ್ದ. 'ಇಸ್ತ್ರಿ' ಎಂಬ ಹೆಸರು ಇಟ್ಟವರು ಸದಸ್ಯರೇ. ಒಬ್ಬರು ಇನ್ನೊಬ್ಬರನ್ನು ಕಳ್ಳ ಎಂದರೆ ನಡಾವಳಿಯಲ್ಲಿ 'ಮಾನ್ಯ ಸದಸ್ಯರು ಲೆಕ್ಕಪತ್ರದ ಬಗ್ಗೆ ಸ್ಪಷ್ಟೀಕರಣ ಕೋರಿದರು' ಎಂದಿರುತ್ತಿತ್ತು. ಯಾರೋ ಮೇಜು ಗುದ್ದಿ ತಾಯಿ ತಂದೆಯರನ್ನೆಲ್ಲ ಎಳೆದು ತಂದರೆ 'ಚರ್ಚೆ ಬಿರುಸಾಗಿ ನಡೆಯಿತು.' ಜಗಳ ಮುಗಿದ ಮೇಲೆ ಸದಸ್ಯರು ಅವನ ಹೆಗಲು ತಟ್ಟಿ, "ಸ್ವಲ್ಪ ಮುದುರಿದೆ, ಇಸ್ತ್ರಿ ಮಾಡ್ಬಿಡಿ" ಎಂದು ಹೇಳಿ ಒಟ್ಟಿಗೆ ಟೀ ಕುಡಿಯಲು ಹೋಗುತ್ತಿದ್ದರು. ಧ್ವನಿಮುದ್ರಣ ಯಂತ್ರ ತರುವ ಮಾತು ಎರಡು ಸಲ ಬಂದು, ಎರಡು ಸಲವೂ ಭಾರೀ ಬಹುಮತದಿಂದ ಬಿದ್ದುಹೋಗಿತ್ತು.

"ಮೇಡಂ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಅವರು ಏನಂದ್ರೋ ಅದನ್ನ ಬರೀರಿ. ಅಷ್ಟೇ."

ನರ್ಸಮ್ಮ ಊರಿನ ಹೆರಿಗೆ ವಾರ್ಡಿನ ಹಿರಿಯ ನರ್ಸ್, ಈ ಸಲವೇ ಮೊದಲು ಆರಿಸಿಬಂದ ಸದಸ್ಯೆ. ಹದಿನೈದು ದಿನದ ಹಿಂದಿನ ಸಭೆಯಲ್ಲಿ ಆಕೆ ಇನ್ನೊಂದು ಹೆರಿಗೆ ಕೋಣೆ ಕೇಳಿದ್ದಳು. ಆಗ ಎದ್ದು ನಿಂತವನು ಲಾರಿ ಮಾಲೀಕ, ಊರಲ್ಲೇ ಅತಿ ಹೆಚ್ಚು ಓಟು ಪಡೆದು ಗೆದ್ದವನು. ಹೊಳೆಯ ಆಚೆ ದಂಡೆಯಿಂದ ಬಂದು ನೆಲೆಸಿದವರು ಹೆರುವುದಕ್ಕೆ ನಮ್ಮ ಊರಿನ ತೆರಿಗೆ ಯಾಕೆ ಎಂದು ಶುರು ಮಾಡಿದವನು ಎಲ್ಲಿಗೋ ಹೋಗಿ ನಿಂತಿದ್ದ. ನಡಾವಳಿಯಲ್ಲಿ ಅದು ಹೀಗಿತ್ತು: 'ಆಚೆ ದಂಡೆಯ ನಿವಾಸಿಗಳಿಂದ ಆಗುತ್ತಿರುವ ಬಳಕೆಯ ಪ್ರಮಾಣದ ಬಗ್ಗೆ ಮಾನ್ಯ ಸದಸ್ಯರು ಕಳವಳ ವ್ಯಕ್ತಪಡಿಸಿದರು.'

"ಮಾರನೇ ದಿನವೇ ವಾರ್ಡಿನ ಗೋಡೆ ಮೇಲೆ ಅವರ ಮಾತನ್ನ ಬಣ್ಣದಲ್ಲಿ ಬರೆದ್ರು," ಎಂದಳು ನರ್ಸಮ್ಮ. "ಮೂರು ಜನ ಬಸುರಿಯರು ತೋರಿಸ್ಕೊಳ್ಳೋಕೆ ಬರೋದೇ ನಿಲ್ಲಿಸಿದ್ರು. ಒಬ್ಬಳು ಮನೆಯಲ್ಲೇ ಹೆತ್ತಳು. ನಾನು ಹೋಗೋ ಹೊತ್ತಿಗೆ ಮೈಯಲ್ಲಿ ರಕ್ತವೇ ಇರಲಿಲ್ಲ. ಬದುಕಿಕೊಂಡಳು, ಅದು ಬೇರೆ ಮಾತು. ನಾನು ಶಿಸ್ತು ಸಮಿತಿಗೆ ಹೋದ್ರೆ ಅವರು ಏನು ಕೇಳ್ತಾರೆ ಗೊತ್ತಾ?"

ಗೊತ್ತಿತ್ತು. ಸಮಿತಿಗೆ ಎರಡೇ ಸಾಕ್ಷಿ ಒಪ್ಪಿಗೆ: ಸಭೆ ದೃಢೀಕರಿಸಿದ ನಡಾವಳಿ, ಇಲ್ಲವೇ ಮಾತನಾಡಿದವರೇ ಸಹಿ ಹಾಕಿದ ಪುಟ.

"ಗುರುವಾರ ದೃಢೀಕರಣ," ಎಂದಳು ಆಕೆ. "ಅಷ್ಟರೊಳಗೆ ನಿಮ್ಮ ಶೀಘ್ರಲಿಪಿ ಪುಸ್ತಕ ತೆಗೆದು ನೋಡಿ. ಅದರಲ್ಲಿ ಇದ್ದೇ ಇರುತ್ತಲ್ಲ."

"ಇರುತ್ತೆ ಮೇಡಂ. ಕಿವಿಗೆ ಬಿದ್ದಿದ್ದೆಲ್ಲ ಪುಸ್ತಕದಲ್ಲಿ ಇರುತ್ತೆ. ಇಸ್ತ್ರಿ ಮಾಡೋದು ಟೈಪು ಮಾಡುವಾಗ."

ಅದನ್ನು ಹೇಳುವಾಗ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಕೆ ಹೋದ ಮೇಲೆ ಪುಸ್ತಕ ತೆಗೆದ. ಆ ದಿನದ ಪುಟ ಸಿಕ್ಕಿತು. ಬೆರಳಿಟ್ಟು ಗೆರೆಗಳನ್ನು ಓದಿದ. ಆಚೆ ದಂಡೆ. ನಿವಾಸಿಗಳು. ಬಳಕೆಯ ಪ್ರಮಾಣ. ಕಳವಳ.

ಮತ್ತೆ ಓದಿದ. ಕನ್ನಡಕ ಒರೆಸಿ ಓದಿದ. ಮುಂದಿನ ಪುಟ, ಹಿಂದಿನ ಪುಟ, ಹೋದ ತಿಂಗಳ ಪುಟ. ಎಲ್ಲೆಲ್ಲೂ ಸ್ಪಷ್ಟೀಕರಣ ಕೋರುತ್ತಿದ್ದರು, ಗಮನ ಸೆಳೆಯುತ್ತಿದ್ದರು, ವಿಷಾದಿಸುತ್ತಿದ್ದರು. ಬೈಗುಳ ಕಿವಿಯಿಂದ ಕೈಗೆ ಇಳಿಯುವ ದಾರಿಯಲ್ಲೇ ಸಪಾಟಾಗಿಬಿಟ್ಟಿತ್ತು. ಯಾವ ವರ್ಷದಿಂದ ಹೀಗಾಯಿತು? ಅವನು ಬೀರುವಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿ ನೆಲದ ಮೇಲೆ ಹರಡಿಕೊಂಡು ಕೂತ. ಏಳು ವರ್ಷದ ಹಿಂದಿನದರಲ್ಲಿ ಒಂದು 'ನಿನ್ನಪ್ಪಂದಾ' ಸಿಕ್ಕಿತು. ಆಮೇಲೆ ಇಲ್ಲ.

ಸರಿ, ನೆನಪಾದರೂ ಇದೆಯಲ್ಲ ಎಂದು ಕಣ್ಣು ಮುಚ್ಚಿದ. ಲಾರಿ ಮಾಲೀಕ ಎದ್ದು ನಿಂತದ್ದು, ತೋಳು ಮಡಚಿದ್ದು ನೆನಪಿತ್ತು. 'ಅದು ಹೆರಿಗೆ ಕೋಣೆ ಅಲ್ಲ, ಓಟು ಹೆರೋ ಕಾರ್ಖಾನೆ' ಎಂದನೇ, 'ಓಟಿನ ಕಾರ್ಖಾನೆ' ಎಂದನೇ? ಅಥವಾ ಅದನ್ನು ಅಂದದ್ದು ಪಕ್ಕದಲ್ಲಿ ಕೂತಿದ್ದವನೋ? ನರ್ಸಮ್ಮನ ಕಡೆ ಬೆರಳು ಮಾಡಿ 'ಇವಳೂ ತೇಲಿಬಂದವಳೇ' ಎಂದದ್ದು ನಿಜ. ಇಲ್ಲ, 'ತೇಲಿಬಂದ ಕಸ' ಎಂದಿದ್ದ. ಗೋಡೆ ಮೇಲೆ ಬರೆದದ್ದು ಯಾವುದು, ಬಾಯಿಂದ ಬಂದದ್ದು ಯಾವುದು? ನೆನೆಸಿದಷ್ಟೂ ಕಲಸುಮೇಲೋಗರವಾಯಿತು.

ಸಂಜೆ ಹೆಂಡತಿಗೆ ಹೇಳಿದ. ಅವಳು ಔಷಧಿ ಅಂಗಡಿಯಲ್ಲಿ ದಿನವಿಡೀ ವೈದ್ಯರ ಕೈಬರಹ ಓದುವವಳು.

"ಅಲ್ಲಾ ರೀ, ಚೀಟೀಲಿ ಬರೆದಿದ್ದನ್ನ ನಾನು ಚೆಂದ ಮಾಡಿ ಓದಿದ್ರೆ ಜನ ಸತ್ತೇ ಹೋಗ್ತಾರೆ."

"ನಾನು ಒಳ್ಳೇದಕ್ಕೇ ಮಾಡಿದ್ದು."

"ನಾನೇನು ಕೆಟ್ಟದ್ದಕ್ಕೆ ಅಂದ್ನಾ? ಒಳ್ಳೇತನಕ್ಕೂ ಒಂದು ಡೋಸು ಅಂತ ಇರುತ್ತೆ." ಅವಳು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಂಡಳು. "ಈಗ ಏನು ಮಾಡ್ತೀರಿ?"

"ಗೊತ್ತಿಲ್ಲ."

"ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಸರಿಯಾಗಿ ಬರ್ಕೊಳ್ಳೋ ಹಾಗೆ ಮಾತಾಡಿದ್ರಿ ನೋಡಿ."

ಬುಧವಾರ ಅಧ್ಯಕ್ಷರ ಕೋಣೆಗೆ ಹೋದ. ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು. ಅವನಿಗೆ ಈ ವಿದ್ಯೆ ಕಲಿಸಿದವರೇ ಅವರು. ಯಾರ ಮೇಲೂ ದನಿ ಏರಿಸಿದವರಲ್ಲ, ಆಚೆ ದಂಡೆಯವರಿಗೆ ಓಟಿನ ಹಕ್ಕು ಸಿಗಲೆಂದು ಒಂದು ಕಾಲದಲ್ಲಿ ಜೈಲಿಗೂ ಹೋಗಿಬಂದವರು. ಎಲ್ಲ ಕೇಳಿ ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು.

"ನೋಡಪ್ಪಾ, ನಡಾವಳಿ ಅಂದ್ರೆ ನಾವು ಹೇಗಿದ್ದೀವಿ ಅನ್ನೋದಲ್ಲ. ಹೇಗಿರಬೇಕು ಅನ್ನೋದು. ಒರಟನೂ ತನ್ನ ಮಾತನ್ನ ಅಲ್ಲಿ ಓದಿದಾಗ ಸ್ವಲ್ಪ ನಾಚಿಕೊಳ್ತಾನೆ, ಮುಂದಿನ ಸಲ ಹಾಗೇ ಮಾತಾಡೋಕೆ ನೋಡ್ತಾನೆ. ನನ್ನ ನಂಬಿಕೆ ಅದು."

"ಯಾರಾದ್ರೂ ನಾಚಿಕೊಂಡಿದ್ದಾರಾ ಸಾರ್?"

ಅಧ್ಯಕ್ಷರು ಪೇಪರ್‌ವೇಟ್ ಕೆಳಗಿಟ್ಟರು. "ನಾನು ನಾಚಿಕೊಂಡಿದ್ದೀನಿ," ಎಂದರು.

ಅವರ ಮಾತು ಸರಿಯೆನಿಸಿತು. ಹೊರಗೆ ಬಂದರೆ ಗೋಡೆಗೆ ಬಳಿದ ಬಣ್ಣ ನೆನಪಾಗಿ ನರ್ಸಮ್ಮನ ಮಾತೂ ಸರಿಯೆನಿಸಿತು. ಮೆಟ್ಟಿಲಲ್ಲಿ ಲಾರಿ ಮಾಲೀಕ ಎದುರಾದ. ಅವನೋ, ಕಂಡಾಗಲೆಲ್ಲ ಇಸ್ತ್ರಿಯ ಮಂಡಿನೋವು ವಿಚಾರಿಸುವವನು, ಅವನ ಅತ್ತೆಯನ್ನು ಆಸ್ಪತ್ರೆಗೆ ಸಾಗಿಸಲು ತನ್ನ ಗಾಡಿ ಕೊಟ್ಟವನು.

"ಏನ್ರೀ, ನನ್ನ ಬಗ್ಗೆ ಪಂಚಾಯ್ತಿ ನಡೀತಿದೆಯಂತೆ? ನೀವೇ ಹೇಳಿ, ನಾನು ಏನಂದೆ ಅವತ್ತು?"

"ನಿಮಗೆ ನೆನಪಿಲ್ವಾ?"

"ನನಗೆಲ್ಲಿ ನೆನಪಿರುತ್ತೆ ಮಾರಾಯ್ರೆ! ಬಾಯಿಗೆ ಬಂದಿದ್ದು, ಹೋಗಿದ್ದು. ನಿಮ್ಮ ಪುಸ್ತಕದಲ್ಲಿ ಏನಿದೆಯೋ ಅದೇ ನಾನಂದಿದ್ದು."

ನಗುನಗುತ್ತಾ ಹೇಳಿದ. ಅದರಲ್ಲಿ ಮೋಸ ಕಾಣಲಿಲ್ಲ. ಅದೇ ಇಸ್ತ್ರಿಯನ್ನು ಇನ್ನಷ್ಟು ಕಕ್ಕಾಬಿಕ್ಕಿ ಮಾಡಿತು.

ಗುರುವಾರ ಸಭೆಯಲ್ಲಿ ಇಪ್ಪತ್ತೈದೂ ಕುರ್ಚಿಗಳು ತುಂಬಿದ್ದವು. ಅಧ್ಯಕ್ಷರು ಮೊದಲ ವಿಷಯ ಓದಿದರು: ಹಿಂದಿನ ನಡಾವಳಿಯ ದೃಢೀಕರಣ. ಇಸ್ತ್ರಿ ಎದ್ದು ನಿಂತ. ನೌಕರ ಸಭೆಯಲ್ಲಿ ಮಾತನಾಡುವ ಪದ್ಧತಿಯೇ ಇರಲಿಲ್ಲ. ಎಲ್ಲರೂ ಅವನು ಕಿಟಕಿ ಮುಚ್ಚಲು ಎದ್ದನೆಂದುಕೊಂಡರು.

"ಸಾರ್, ಈ ನಡಾವಳಿ ಸರಿಯಿಲ್ಲ. ಮಾನ್ಯ ಸದಸ್ಯರು ಕಳವಳ ವ್ಯಕ್ತಪಡಿಸಲಿಲ್ಲ. ಅದು ನಾನು ಬರೆದಿದ್ದು, ಅವರು ಹೇಳಿದ್ದಲ್ಲ."

"ಹಾಗಾದ್ರೆ ಏನು ಹೇಳಿದ್ರು?" ಎಂದು ಯಾರೋ ಹಿಂದಿನಿಂದ ಕೂಗಿದರು.

"ತೇಲಿಬಂದವಳು ಅಂದ್ರು. ಅಷ್ಟು ಖಚಿತ. ಉಳಿದಿದ್ದು... ನನಗೆ ಖಚಿತ ಇಲ್ಲ. ಪುಸ್ತಕದಲ್ಲೂ ಇಲ್ಲ."

"ಖಚಿತ ಇಲ್ವಂತೆ! ಬಂದ್ಬಿಟ್ರು ಸಾಕ್ಷಿ ಹೇಳೋಕೆ!"

ನರ್ಸಮ್ಮ ಅವನನ್ನು ನೋಡಿದ ನೋಟ ಅವನಿಗೆ ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಇದೆ ಎಂದು ಮಾತು ಕೊಟ್ಟಿದ್ದವನು ಅವನೇ. ಸಭೆ ಗದ್ದಲವಾಯಿತು. ಬೇರೇನೂ ತೋಚದೆ ಅವನು ಕೂತು ಬರೆಯತೊಡಗಿದ. ಈ ಸಲ ಪೆನ್ಸಿಲ್ಲನ್ನು ಗಟ್ಟಿಯಾಗಿ ಒತ್ತಿ, ಪ್ರತಿ ಮಾತನ್ನೂ ಅದು ಬಿದ್ದ ಹಾಗೇ ಹಿಡಿದ. ಕೈ 'ಆಕ್ಷೇಪಿಸಿದರು' ಎಂದು ಜಾರಲು ನೋಡಿದಾಗಲೆಲ್ಲ ಎಡಗೈಯಿಂದ ಬಲಗೈ ಮಣಿಕಟ್ಟು ಅದುಮಿಕೊಂಡ. ಹೊಸದಾಗಿ ಬರವಣಿಗೆ ಕಲಿಯುವವನ ಹಾಗೆ ಬೆವರಿದ.

ಲಾರಿ ಮಾಲೀಕ ಕೂಗಿದ: "ಹೌದು, ಅಂದೆ ಅಂತಾನೇ ಇಟ್ಕೊಳ್ಳಿ! ತೇಲಿಬಂದವಳನ್ನ ತೇಲಿಬಂದವಳು ಅನ್ನದೆ ಮಹಾರಾಣಿ ಅನ್ಬೇಕಾ? ಇನ್ನೊಂದು ಸಲ ಅಂತೀನಿ, ಬರ್ಕೊಳ್ಳಿ. ಆಚೆ ದಂಡೆ ಕಸ ಅದು, ಅವಳ ವಾರ್ಡು ಕಸದ ತೊಟ್ಟಿ!"

ನರ್ಸಮ್ಮ ಎದ್ದಳು. ಅಷ್ಟು ದಿನ ಕಾದಿಟ್ಟುಕೊಂಡಿದ್ದ ತಾಳ್ಮೆಯೆಲ್ಲ ಒಂದೇ ಏಟಿಗೆ ಹೋಯಿತು. "ನಿನ್ನಂಥವನನ್ನ ಇಲ್ಲಿ ತಂದು ಕೂರಿಸಿದಾರಲ್ಲ, ಆ ಲಾರಿ ಸ್ಟ್ಯಾಂಡಿನ ಜನ, ಅವರಿಗೆ ಓಟು ಕೊಟ್ಟಿದ್ದೇ ತಪ್ಪು! ಓದು ಬರಹ ಇಲ್ಲದ ಮಂದೆ! ಕುರಿಗಳಿಗೆ ಯಾರಾದ್ರೂ ಓಟು ಕೊಡ್ತಾರಾ?"

ಪೆನ್ಸಿಲ್ ಅದನ್ನೂ ಹಿಡಿಯಿತು.

ಅಧ್ಯಕ್ಷರು ಗಂಟೆ ಬಾರಿಸಿ ಮತಕ್ಕೆ ಹಾಕಿದರು. ನಡಾವಳಿ ಇದ್ದ ಹಾಗೇ ಸರಿಯೆಂದು ಹದಿನಾಲ್ಕು ಕೈಗಳು ಎದ್ದವು, ಸರಿಯಲ್ಲವೆಂದು ಎಂಟು. ಇಬ್ಬರು ಫೋನು ಬಂತೆಂದು ಹೊರಗಿದ್ದರು. ಹದಿನೈದು ದಿನದ ಹಿಂದೆ ಲಾರಿ ಮಾಲೀಕ ಕಳವಳವನ್ನೇ ವ್ಯಕ್ತಪಡಿಸಿದ್ದನೆಂದು ತೀರ್ಮಾನವಾಯಿತು. ಬರೆದವನೇ ಅಲ್ಲವೆಂದು ಹೇಳಿದ ಮೇಲೂ ಅದು ನಿಜವಾಗಿಬಿಟ್ಟಿತು, ನಿಯಮದ ಪ್ರಕಾರವೇ. ಇಸ್ತ್ರಿ ಆ ಹದಿನಾಲ್ಕು ಕೈಗಳನ್ನೂ ಬರೆದುಕೊಂಡ.

ಶುಕ್ರವಾರ ಬೆಳಿಗ್ಗೆ ಹೊಸ ಕರಡು ಟೈಪಾಯಿತು, ಒಂದು ಸುಕ್ಕನ್ನೂ ತೆಗೆಯದೆ. ಮೊದಲು ಬಂದವನು ಲಾರಿ ಮಾಲೀಕ. ಈಗ ಗ್ರಹಚಾರ ಬಿಡಿಸುತ್ತಾನೆಂದು ಇಸ್ತ್ರಿ ಕುರ್ಚಿ ಹಿಂದಕ್ಕೆ ಸರಿಸಿಕೊಂಡ. ಅವನು ನಿಂತೇ ಓದಿ, ಗಹಗಹಿಸಿ ನಕ್ಕ.

"ಅಬ್ಬಾ! ಇದಪ್ಪಾ ಬರವಣಿಗೆ ಅಂದ್ರೆ! ಇಷ್ಟು ವರ್ಷ ನನ್ನನ್ನ ಪಾದ್ರಿ ಥರ ಮಾತಾಡಿಸ್ತಿದ್ರಲ್ಲ, ನಮ್ಮ ಜನ ಓದಿ ಯಾರಿವನು ಅಂತಿದ್ರು. ಒಂದಕ್ಷರ ಬದಲಾಯಿಸ್ಬೇಡಿ." ತನ್ನ ಮಾತಿನ ಕೆಳಗೆ ದಪ್ಪಗೆ ಸಹಿ ಹಾಕಿದ. "ಹತ್ತು ಪ್ರತಿ ಕೊಡಿಸಿ. ಆಕೆ ಅಂದಿದ್ದೂ ಇದೆ ತಾನೇ? ಇಪ್ಪತ್ತು ಕೊಡಿಸಿ. ಲಾರಿ ಸ್ಟ್ಯಾಂಡಿನಲ್ಲಿ ಅಂಟಿಸ್ತೀನಿ."

ಅವನು ಹೋದ ಮೇಲೆ ಇಸ್ತ್ರಿ ಆ ಸಹಿಯನ್ನೇ ನೋಡುತ್ತ ಕೂತ. ನರ್ಸಮ್ಮನಿಗೆ ಬೇಕಾಗಿದ್ದ ಸಾಕ್ಷಿ ಅದು, ಆಡಿದವನೇ ಒಪ್ಪಿ ಕೊಟ್ಟಿದ್ದು. ಗೆದ್ದವರು ಯಾರು ಎಂದು ಮಾತ್ರ ಅವನಿಗೆ ತಿಳಿಯಲಿಲ್ಲ. ಇಸ್ತ್ರಿ ಮಾಡಿದ ಕಾಲದಲ್ಲಿ ತಾನು ಆ ಮನುಷ್ಯನನ್ನು ಕಾಪಾಡಿದ್ದೆನೋ, ಕಟ್ಟಿಹಾಕಿದ್ದೆನೋ?

ಹನ್ನೊಂದಕ್ಕೆ ನರ್ಸಮ್ಮ ವಾರ್ಡಿನ ಬಟ್ಟೆಯಲ್ಲೇ ಬಂದಳು. ಕೂತು ಓದಿದಳು. ಲಾರಿ ಮಾಲೀಕನ ಸಹಿ ಕಂಡು ಮುಖ ಅರಳಿತು. ಆಮೇಲೆ ಎರಡು ಸಾಲು ಕೆಳಗೆ ಇಳಿದು ನಿಂತಳು.

"ಇದು ನಾನಾ?"

"ಹೌದು ಮೇಡಂ."

"ಕುರಿಗಳು ಅಂದ್ನಾ?"

"ಅಂದ್ರಿ. ಮಂದೆ ಅಂತಾನೂ ಅಂದ್ರಿ."

ಆಕೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. "ಲಾರಿ ಸ್ಟ್ಯಾಂಡಿನವರ ಮಕ್ಕಳನ್ನ ಅರ್ಧಕ್ಕರ್ಧ ನಾನೇ ಹೆರಿಗೆ ಮಾಡ್ಸಿದ್ದು." ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ಮೊದಲಿನ ಹಾಗಾಗಿದ್ರೆ ಇದನ್ನ ಹೇಗೆ ಬರೀತಿದ್ರಿ?"

ಅವನು ಯೋಚಿಸುವ ಮೊದಲೇ ಬಾಯಿಂದ ಬಂತು: "ಮತದಾರರಲ್ಲಿ ಜಾಗೃತಿ ಮೂಡಿಸುವ ಅಗತ್ಯವನ್ನು ಮಾನ್ಯ ಸದಸ್ಯರು ಒತ್ತಿಹೇಳಿದರು."

ನರ್ಸಮ್ಮ ಜೋರಾಗಿ ನಕ್ಕಳು. ಅವನೂ ನಕ್ಕ. ನಗು ನಿಂತ ಮೇಲೆ ಕೋಣೆ ಮೊದಲಿಗಿಂತ ಚಿಕ್ಕದಾದ ಹಾಗಿತ್ತು.

"ಒಂದು ಸಾಲು ಮೇಡಂ," ಎಂದ ಅವನು, ತಾನೇ ಆ ಮಾತು ಆಡುತ್ತಿದ್ದೇನೆಂದು ನಂಬಲಾಗದೆ. "ಬೇಕಿದ್ರೆ..."

"ಬೇಕು," ಎಂದಳು ಆಕೆ. "ತುಂಬಾ ಬೇಕು. ಅದಕ್ಕೇ ಬೇಡ."

ತನ್ನ ಸಾಲಿನ ಕೆಳಗೆ ಸಹಿ ಮಾಡಿದಳು. ಚೀಲದಿಂದ ಶಿಸ್ತು ಸಮಿತಿಯ ಅರ್ಜಿ ತೆಗೆದಳು. 'ಯಾರ ಮೇಲೆ ದೂರು' ಎಂಬಲ್ಲಿ ಲಾರಿ ಮಾಲೀಕನ ಹೆಸರು ಮೊದಲೇ ತುಂಬಿತ್ತು. ಪೆನ್ನು ಅಲ್ಲೇ ತಡೆಯಿತು.

"ಒಂದೇ ಅರ್ಜೀಲಿ ಎರಡು ಹೆಸರು ಬರೀಬಹುದಾ? ದೂರು ಕೊಡೋರದ್ದೇ ಹೆಸರು?"

ಸಭೆಯ ನಿಯಮಗಳೆಲ್ಲ ನಾಲಿಗೆ ತುದಿಯಲ್ಲಿದ್ದವನಿಗೆ ಇದು ಗೊತ್ತಿರಲಿಲ್ಲ. ನಿಯಮಾವಳಿ ತೆಗೆದು ಹುಡುಕಿದ. ಪರಿವಿಡಿ ನೋಡಿದ, ತಿದ್ದುಪಡಿಗಳನ್ನು ನೋಡಿದ. ಆಕೆ ಮಾಡಹೊರಟದ್ದು ದೊಡ್ಡ ಮಾತೋ, ಶುದ್ಧ ಹುಚ್ಚೋ? ಇದರಿಂದ ಆ ಬಸುರಿಯರು ವಾರ್ಡಿಗೆ ಮರಳುತ್ತಾರೋ, ಅವರ ಪರ ಇರುವ ಒಬ್ಬ ಸದಸ್ಯೆಯೂ ಹೋಗುತ್ತಾಳೋ? ಪುಟ ತಿರುಗಿಸುತ್ತಲೇ ಇದ್ದ. ತಡೆಯುವ ನಿಯಮ ಒಂದು ಸಿಕ್ಕರೆ ಸಾಕೆಂದೂ, ಸಿಗದಿರಲೆಂದೂ ಒಟ್ಟಿಗೇ ಅನಿಸುತ್ತಿತ್ತು.

"ಬರೀಬಾರದು ಅಂತ ಎಲ್ಲೂ ಇಲ್ಲ ಮೇಡಂ," ಎಂದ ಕೊನೆಗೆ.

ಲಾರಿ ಮಾಲೀಕನ ಹೆಸರಿನ ಕೆಳಗೆ ಆಕೆ ತನ್ನ ಹೆಸರು ಬರೆದಳು.