ಅಧ್ಯಕ್ಷೆಯ ಹೆಬ್ಬೆಟ್ಟು

"ಹಡಿಯೋದೊಂದೇ ಗೊತ್ತು ಈ ಸೂಳಿಮಕ್ಕಳಿಗಿ. ಹಡದು ಸಾಲಿಗಿ ಒಗದು ಹೋಗ್ತಾರ. ಮೀಟಿಂಗಿಗಿ ಒಬ್ಬರರ ಬಂದಾರೇನು ನೋಡ್ರಿ."

ಪಾಲಕರ ಸಭೆಯ ಖಾಲಿ ಕುರ್ಚಿಗಳನ್ನು ತೋರಿಸುತ್ತ ನಾಗೇಂದ್ರಪ್ಪ ಸಾವುಕಾರ ಅಧ್ಯಕ್ಷರ ಕುರ್ಚಿಯಲ್ಲಿ ಕಾಲು ಅಗಲಿಸಿ ಕುಳಿತಿದ್ದ. ಶಾಲಾ ಸಮಿತಿಯ ಅಧ್ಯಕ್ಷೆ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಅವನ ಕಾರ್ಖಾನೆಯ ಕೂಲಿ ಭಾಗಮ್ಮ. ಅವಳ ಮಗಳು ಇಲ್ಲಿ ಆರನೇ ತರಗತಿಯಲ್ಲಿದ್ದಾಳೆಂದು ಆ ಹುದ್ದೆಗೆ ಭಾಗಮ್ಮನ ಹೆಸರು ಹಾಕಿಸಿದವನೂ ಅವನೇ. ಆ ಮಹಾತಾಯಿ ಇಂದಿಗೂ ಆ ಕುರ್ಚಿಯ ಮುಖ ಕಂಡಿಲ್ಲ.

"ಹಗಲ ಹನ್ನೊಂದಕ್ಕ ಸಭಾ ಇಟ್ರ ಹ್ಯಾಂಗ್ ಬರ್ತಾರ್ರಿ? ಎಲ್ಲಾರೂ ನಿಮ್ಮ ಮಿಷಿನ್ ಮುಂದೇ ಅದಾರ," ಎಂದಳು ಸುಂದರಬಾಯಿ ಟೀಚರ್. "ಸಂಜಿಗಿ ಇಡ್ರಿ. ಇಲ್ಲಾಂದ್ರ ಒಂದು ತಾಸು ಅವರಿಗಿ ಬಿಡ್ರಿ."

"ಮಿಷಿನ್ ನಿಂತ್ರ ಲುಕ್ಸಾನ ನಿಮ್ಮಪ್ಪ ತುಂಬಿ ಕೊಡ್ತಾನೇನು?"

ಅವಳಪ್ಪ ಅದೇ ಮಿಷಿನ್ನಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತವನು. ಸಾವುಕಾರನಿಗೆ ಅದು ಗೊತ್ತಿಲ್ಲದೇನಲ್ಲ. ಹೆಡ್‌ಮಾಸ್ತರ ಜಯತೀರ್ಥರು ತಲೆ ಎತ್ತದೆ, "ಸುಂದರಬಾಯಿ, ನೀವು ಅತಿಥಿ ಶಿಕ್ಷಕಿ. ಅತಿಥಿ ಹಾಂಗೇ ಇದ್ದು ಹೋಗ್ರಿ," ಎಂದರು.

"ಪಾಲಕರಿಗೇ ಬ್ಯಾಡಾದ ಮ್ಯಾಲ ಸಾಲಿ ಯಾಕ? ಆರು, ಏಳನೇ ಕ್ಲಾಸ್ ಬಂದ್ ಮಾಡ್ರಿ. ಆ ಎರಡೂ ಖೋಲ್ಯಾಗ ನನ್ನ ಪರಸಿ ಇಡ್ತೀನಿ." ಸಾವುಕಾರ ಠರಾವಿನ ಹಾಳೆಯನ್ನು ಸುಂದರಬಾಯಿಯತ್ತ ತಳ್ಳಿದ. "ಭಾಗಮ್ಮನ ಹೆಬ್ಬೆಟ್ಟು ನೀನೇ ಒತ್ತಿಸ್ಕೊಂಡು ಬಾ. ನಿಮ್ಮ ಮಂದಿ ಅಲ್ಲೇನು ಅಕಿ. ತರಲಿಲ್ಲಾಂದ್ರ ನಾಳಿಂದ ನೀನೂ ಮಿಷಿನ್ನಿಗಿ ಬಾ."

ಕೊಡಲಿ ಕಾವು ಕುಲಕ್ಕೆ ಮೂಲ ಅಂತ ಅವ್ವ ಅನ್ನುತ್ತಿದ್ದಳು. ದಾರಿಯುದ್ದಕ್ಕೂ ಸುಂದರಬಾಯಿಗೆ ಅದೇ ನೆನಪು. ಒತ್ತಿಸದಿದ್ದರೆ ತನ್ನ ಅನ್ನ ಹೋಗುತ್ತದೆ, ಒತ್ತಿಸಿದರೆ ಭಾಗಮ್ಮನ ಮಗಳು ಭಾಗ್ಯಜ್ಯೋತಿಯ ಓದು ಹೋಗುತ್ತದೆ. ನಿನ್ನೆಯಷ್ಟೇ ಆ ಹುಡುಗಿ ಭಿನ್ನರಾಶಿಯ ಲೆಕ್ಕ ತಾನೇ ಬಿಡಿಸಿ, ಇನ್ನೊಂದು ಕೊಡ್ರಿ ಟೀಚರ್ ಎಂದು ಗಂಟುಬಿದ್ದಿದ್ದಳು. ಥೂ, ಎಂಥಾ ಹಾಳು ನೌಕರಿ ಇದು.

ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ಮೊಣಕೈವರೆಗೂ ಬಿಳಿ ಕೆಸರು ಮೆತ್ತಿದ್ದ ಭಾಗಮ್ಮ, ಟೀಚರ ಕೈಯಲ್ಲಿ ಹಾಳೆ, ಶಾಯಿ ಡಬ್ಬಿ ಕಂಡದ್ದೇ ಸೀರೆಗೆ ಹೆಬ್ಬೆರಳು ಒರೆಸಿ ಮುಂದೆ ಚಾಚಿದಳು. ಏನು, ಎತ್ತ, ಒಂದನ್ನೂ ಕೇಳಲಿಲ್ಲ. ಆ ಬೆರಳಿನ ಗೆರೆಗಳನ್ನು ಕಲ್ಲು ಎಂದೋ ತಿಂದುಹಾಕಿತ್ತು.

"ಒತ್ತಬ್ಯಾಡ," ಎಂದಳು ಸುಂದರಬಾಯಿ. ಭಾಗಮ್ಮನಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದಳು. ಅಷ್ಟರಲ್ಲಿ ಬೆರಳು ಶಾಯಿಗೆ ತಾಗಿಯೇಬಿಟ್ಟಿತು.

ಸುಂದರಬಾಯಿ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದಳು. ಕಾರ್ಖಾನೆಗೆ ಕಾರ್ಖಾನೆಯೇ ಸುಮ್ಮನಾಯಿತು.

"ಭಾಗಕ್ಕಾ, ನಿನ್ನ ಮಗಳ ಕ್ಲಾಸ್ ಬಂದ್ ಮಾಡ್ಲಿಕ್ಕಿ ನಿನ್ನ ಹೆಬ್ಬೆಟ್ಟು ಕೇಳ್ಯಾರ. ಸಾಲಿ ಅಧ್ಯಕ್ಷಿ ನೀನೇ ಇದ್ದಿ."

"ನಾ ಏನಿದ್ದೀನಿ?"

"ಯಾವ ರಂಡಿ ಬಂದ್ ಮಾಡಿದಾಕಿ?" ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ಓಡಿಬಂದು ಸ್ವಿಚ್ಚು ಮೇಲೆತ್ತಿದ. ಮಿಷಿನ್ನುಗಳು ಮತ್ತೆ ಅರಚಿದವು. ಭಾಗಮ್ಮ ಶಾಯಿ ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ನಡೆದುಹೋಗಿ, ಮುಕಾದಮನನ್ನು ಭುಜದಿಂದ ಸರಿಸಿ, ಸ್ವಿಚ್ಚು ಕೆಳಗೆಳೆದಳು. ಹಿಡಿಕೆಯ ಮೇಲೆ ಗೆರೆಯಿಲ್ಲದ ಹೆಬ್ಬೆಟ್ಟು ಕಪ್ಪಗೆ ಬಿತ್ತು.

"ಸಭಾ ಎಲ್ಲದ, ಟೀಚರ್?"

"ಇಲ್ಲೇ."

ಕೂಲಿಗಳು ಕೂತಲ್ಲೇ ತಲೆ ಎತ್ತಿದರು. ಯಾರೂ ಹತ್ತಿರ ಬರಲಿಲ್ಲ, ಯಾರೂ ಕಲ್ಲು ಮುಟ್ಟಲೂ ಇಲ್ಲ. ಸಾವುಕಾರನ ಜೀಪು ಗೇಟಿನೊಳಗೆ ತಿರುಗಿದ ಸದ್ದು ಎಲ್ಲರಿಗೂ ಕೇಳಿಸಿತು. ಭಾಗಮ್ಮ ಸ್ವಿಚ್ಚಿಗೆ ಬೆನ್ನುಕೊಟ್ಟು ನಿಂತಳು.