ಜುಟ್ಟಿನ ಲೋಳೆ

“ಬೆರಳಿಡು ಅಂದ್ರೆ ಇಡ್ಬೇಕು, ಗೋಡೆಗೆ ಸುಣ್ಣ ಬಳ್ದಂಗೆ ಉಜ್ಜೋದಲ್ಲ. ದರಿದ್ರದವಳೇ, ಹಿಂದೆ ಸಾಲು ನಿಂತಿರೋದು ಕಾಣಲ್ವಾ?”

ಹಾಜರಿ ಗುಮಾಸ್ತ ಬೈಯುತ್ತಿದ್ದುದು ಅತ್ತಿಗೆಯನ್ನು. ಅವಳ ನಾದಿನಿಯೂ ಅದೇ ಕಾರ್ಖಾನೆಯಲ್ಲಿದ್ದಳು. ಅವಳು ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಎಲ್ಲರೂ ಹಾಗೇ ಕರೆಯತೊಡಗಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮೇಸ್ತ್ರಿಯೂ ಅತ್ತಿಗೆ ಎಂದೇ ಬೈಯುತ್ತಿದ್ದ.

ಅವಳು ಐದನೆಯ ಸಲ ಬೆರಳಿಟ್ಟಳು. ಕೆಂಪು ದೀಪ. “ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂದಿತು ಮಿಷಿನ್ನು. ಗುಮಾಸ್ತನಿಗಿಂತ ಅದಕ್ಕೆ ಮರ್ಯಾದೆ ಗೊತ್ತಿತ್ತು.

“ನೀನು ಇವತ್ತು ಬಂದಿಲ್ಲ” ಎಂದ ಗುಮಾಸ್ತ.

“ನಿಮ್ಮ ಮುಂದೇನೇ ನಿಂತಿದ್ದೀನಲ್ಲ ಸಾರ್.”

“ನಾನು ನೋಡಿದ್ರೆ ಆಗಲ್ಲಮ್ಮ, ಮಿಷಿನ್ ನೋಡ್ಬೇಕು. ಒಳಗೆ ಹೋಗಿ ಕೆಲ್ಸ ಮಾಡು, ಯಾರು ಬೇಡ ಅಂದ್ರು? ಹಾಜರಿ ಮಾತ್ರ ಇಲ್ಲ.”

ಒಳಗೆ ಕೆಲಸಕ್ಕೇನೂ ಬರವಿರಲಿಲ್ಲ. ಐಸಿನ ಡಬ್ಬಿಗಳಲ್ಲಿ ಹುಂಜದ ಜುಟ್ಟು ಬಂದು ಬೀಳುತ್ತಿತ್ತು. ಅದನ್ನು ತೊಳೆದು, ಕೊಚ್ಚಿ, ಅರೆದು ನೀರಿನಲ್ಲಿ ನೆನೆಹಾಕಿದರೆ ಲೋಳೆ ಬಿಡುತ್ತದೆ. ಲೋಳೆಯನ್ನು ಸೋಸಿ ಅದಕ್ಕೆ ಸ್ಪಿರಿಟ್ಟು ಸುರಿದರೆ ಬೆಳ್ಳಗೆ ಎಳೆ ಎಳೆಯಾಗಿ ತೇಲುತ್ತದೆ. ಆ ಎಳೆಯನ್ನು ಗಾಜಿನ ಕಡ್ಡಿಗೆ ಸುತ್ತಿ ತೆಗೆದು, ಮತ್ತೆ ಸ್ಪಿರಿಟ್ಟಿನಲ್ಲಿ ಜಾಲಿಸಿ ಒಣಗಿಸಿದರೆ ಪುಡಿ. ಪುಡಿಗೆ ಹೈಲುರಾನಿಕ್ ಆಸಿಡ್ ಎಂದು ಹೆಸರು. ಬೇರೆ ಕಡೆ ಈಗ ಇದನ್ನು ದೊಡ್ಡ ಟ್ಯಾಂಕುಗಳಲ್ಲಿ ಸೂಕ್ಷ್ಮಾಣು ಸಾಕಿ ಮಾಡುತ್ತಾರಂತೆ. ಇಲ್ಲಿಯ ಮಾಲೀಕರಿಗೆ ಸೂಕ್ಷ್ಮಾಣುಗಳಿಗಿಂತ ಹೆಂಗಸರು ಅಗ್ಗವಾಗಿ ಸಿಕ್ಕಿದ್ದರು.

ನೂರು ಭಾಗ ನೀರಿಗೆ ಈ ಪುಡಿ ಒಂದು ಭಾಗ ಬಿದ್ದರೆ ಸಾಕು, ಒಂದು ಸೀಸೆ ಸೀರಮ್ಮು. ಮುಖ ತೊಳೆದು, ತೇವ ಆರುವ ಮೊದಲೇ ನಾಲ್ಕು ಹನಿ ಹಚ್ಚಿ, ಮೇಲೆ ಕ್ರೀಮು ಬಳಿದುಕೊಂಡರೆ ಚರ್ಮ ನೀರು ಹಿಡಿದುಕೊಂಡು ಸುಕ್ಕು ಮುಚ್ಚುತ್ತದೆ. ಹಾಗೆಂದು ಊಟದ ಕೋಣೆಯ ಗೋಡೆಯ ಮೇಲೆ ಒಬ್ಬ ಚೆಲುವೆಯ ಚಿತ್ರ ಹಾಕಿ ಬರೆದಿದ್ದರು. ಅದರ ಕೆಳಗೆ ಕೂತು ಹನ್ನೆರಡು ಜನ ಎಳೆ ಸುತ್ತುವ ಹೆಂಗಸರು ಚಮಚದಲ್ಲಿ ಉಣ್ಣುತ್ತಿದ್ದರು. ಬಿರಿದ ಬೆರಳಿಗೆ ಸಾರು ತಾಗಿದರೆ ಪ್ರಾಣ ಹೋಗುತ್ತಿತ್ತು.

ಸ್ಪಿರಿಟ್ಟು ಕೈಯ ಪಸೆಯನ್ನೆಲ್ಲ ಹೀರಿ, ಬೆರಳ ತುದಿಯ ಗೆರೆಗಳನ್ನೂ ಸವೆಸಿತ್ತು. ಹಿಂದೊಮ್ಮೆ ಗ್ಲೌಸು ಕೊಟ್ಟಿದ್ದರು. ಮೂರೇ ದಿನಕ್ಕೆ ಮೇಸ್ತ್ರಿ ವಾಪಸು ಇಸಿದುಕೊಂಡ. “ಗ್ಲೌಸಲ್ಲಿ ಎಳೆ ಜಾರುತ್ತೆ. ಬರಿಗೈಗೆ ಸಿಕ್ಕೋ ಹಿಡಿತ ಅದಕ್ಕೆ ಬರಲ್ಲ ಕಣ್ರೇ” ಎಂದು ಹೊಗಳಿಯೂ ಇದ್ದ.

ವರ್ಷಕ್ಕೆ ಇನ್ನೂರೈವತ್ತು ದಿನ ಹಾಜರಿ ಬಿದ್ದರೆ ಕೆಲಸ ಕಾಯಂ, ಒಂದು ದಿನ ಕಡಿಮೆಯಾದರೂ ಗೇಟಿನಾಚೆ. ಕಾಯಂ ಆದರೆ ಮನೆಮಂದಿಗೆ ಆಸ್ಪತ್ರೆಯ ಚೀಟಿ ಸಿಗುತ್ತದೆ. ಅತ್ತಿಗೆಯ ಮಗಳಿಗೆ ಉಬ್ಬಸ. ಆ ಚೀಟಿಯ ಆಸೆಗೇ ಅತ್ತಿಗೆ ಜ್ವರದಲ್ಲೂ ಬಂದಿದ್ದಳು, ಮಾವ ತೀರಿಕೊಂಡ ಮರುದಿನವೂ ಬಂದಿದ್ದಳು. ವರ್ಷ ತುಂಬಲು ಒಂದು ವಾರ ಉಳಿದಿತ್ತು. ಅವಳ ಲೆಕ್ಕಕ್ಕೆ ಇನ್ನೂರೈವತ್ತು ಆಗಲೇ ದಾಟಿತ್ತು, ಮಿಷಿನ್ನಿನ ಪ್ರಕಾರ ಅವಳು ಬಂದದ್ದು ಇನ್ನೂರಾ ಎಂಟು ದಿನ.

ಕೈ ಕೆಟ್ಟದ್ದು ಕೆಲಸದಿಂದ ಎಂದು ಬರೆಸಿಕೊಂಡು ಬಾ, ನೋಡೋಣ ಎಂದರು ಆಫೀಸಿನವರು. ಅವಳು ಕಾರ್ಖಾನೆಯ ಡಾಕ್ಟರ ಬಳಿ ಹೋದಳು. ಅವರು ಮೇಜಿನ ಆಚೆಯಿಂದಲೇ ಕೈ ನೋಡಿದರು.

“ಮನೇಲಿ ಪಾತ್ರೆ ಯಾರು ತೊಳೀತಾರೆ?”

“ನಾನೇ ಸಾರ್.”

“ಮತ್ತೆ?” ಎಂದು ‘ಪಾತ್ರೆ ಸೋಪಿನ ಅಲರ್ಜಿ’ ಎಂದು ಬರೆದುಕೊಟ್ಟರು.

ದಾರಿ ತೋರಿಸಿದವಳು ನಾದಿನಿ. ಅವಳ ಬೆರಳೂ ಸವೆದಿತ್ತು, ಬಾಯಿ ಮಾತ್ರ ಸವೆದಿರಲಿಲ್ಲ. “ಹೋದ ದಿನ ಹೋಯ್ತು, ಉಳಿದ ದಿನದ ಹಾಜರಿಯಾದ್ರೂ ಬೀಳಲಿ. ಬೆರಳು ಪಸೆಯಾಗಿದ್ರೆ ಮಿಷಿನ್ ಹಿಡಿಯುತ್ತಂತೆ ಅತ್ತಿಗೆ. ಊರವರ ಮುಖಕ್ಕೆಲ್ಲ ನೀರು ಹಿಡಿಸೋ ಲೋಳೆ ಮೊಣಕೈಗಂಟ ಇದೆ, ನಾವು ಬೋಳಿಮಗನ ಮಿಷಿನ್ನಿಗೆ ಎಂಜಲು ಹಚ್ಚಿ ಒದ್ದಾಡ್ತಿದ್ದೀವಿ.”

ಅಂದು ಸಂಜೆ ಅತ್ತಿಗೆ ತೊಟ್ಟಿಯ ತಳದ ಲೋಳೆಯನ್ನು ಕೈಗೆ ಬಳಿದುಕೊಂಡು, ಉಳಿದದ್ದನ್ನು ಔಷಧಿಯ ಖಾಲಿ ಡಬ್ಬಿಗೆ ತುಂಬಿ ಸೆರಗಿಗೆ ಕಟ್ಟಿಕೊಂಡಳು. ಬೆಳಿಗ್ಗೆ ಬೆರಳಿಟ್ಟಾಗ ಹಸಿರು ದೀಪ. “ಧನ್ಯವಾದ” ಎಂದಿತು ಮಿಷಿನ್ನು. ಆ ಕಾರ್ಖಾನೆಯಲ್ಲಿ ಅವಳಿಗೆ ಯಾರಾದರೂ ಹಾಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಅವಳಿಗೆ ಖುಷಿಯಾಯಿತು.

ಮೂರು ದಿನ ಹಸಿರು ದೀಪ. ಮೂರನೆಯ ಸಂಜೆ ಗೇಟಿನಲ್ಲಿ ತಪಾಸಣೆಯ ಹೆಂಗಸಿಗೆ ಡಬ್ಬಿ ಸಿಕ್ಕಿತು.

ಮರುದಿನ ಬೆಳಿಗ್ಗೆ ಅವಳನ್ನು ಟೈ ಸಾಹೇಬರ ಮುಂದೆ ನಿಲ್ಲಿಸಿದರು. ಕೆಲಸಗಾರರನ್ನು ಇಟ್ಟುಕೊಳ್ಳುವುದು, ಬಿಡಿಸುವುದು ಎಲ್ಲ ಇವರದು. ಸೆಕೆಗೂ ಟೈ ಬಿಚ್ಚದವರು.

“ಎಷ್ಟು ದಿನದಿಂದ ಕದೀತಿದ್ದೀಯ?”

“ಮೂರು ದಿನ ಸಾರ್. ಬೆರಳಿಗೆ ಹಚ್ಚೋಕೆ.”

“ಕಳ್ಳಮುಂಡೆ. ಸಿಕ್ಕಿಬಿದ್ದಿದ್ದು ಮೂರು ದಿನಕ್ಕೆ. ಎಷ್ಟು ದಿನ ಬಳ್ಕೊಂಡಿದ್ದೀಯೋ ಯಾರಿಗೆ ಗೊತ್ತು.” ಅವರು ಗುಮಾಸ್ತನ ಕಡೆ ತಿರುಗಿದರು. “ಮೂರು ದಿನ ಅಂತ ಬರೆದ್ರೆ ಯಾರಾದ್ರೂ ಅಯ್ಯೋ ಪಾಪ ಅಂತಾರೆ. ಸರಿಯಾಗಿ ಬರಿ. ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗೆ, ಕಾರ್ಖಾನೆ ತೆರೆದಿದ್ದ ಒಂದು ದಿನವೂ ತಪ್ಪದೆ, ಕೆಲಸದ ವೇಳೆಯಲ್ಲಿ ಕದ್ದಿದ್ದೇನೆ. ಹಾಕು.”

ಗುಮಾಸ್ತ ಟೈಪು ಮಾಡಿ, ರೂಢಿಯಂತೆ ಕಚೇರಿಗೊಂದು, ಅವಳಿಗೊಂದು ಪ್ರತಿ ತೆಗೆದು, ಸಾಹೇಬರ ರುಜು ಹಾಕಿಸಿ, ಸೀಲು ಒತ್ತಿ, ಶಾಯಿಯ ಪ್ಯಾಡನ್ನು ಅವಳ ಮುಂದೆ ತಳ್ಳಿದ.

“ಪೆನ್ನು ಕೊಡಿ ಸಾರ್. ಏಳನೇ ಕ್ಲಾಸು ಓದಿದ್ದೀನಿ.”

ಅವಳು ಕಾಗದವನ್ನು ಓದಿದಳು. ಇನ್ನೊಮ್ಮೆ ಓದಿದಳು. ಕಳ್ಳಿ ಎಂದು ಬರೆದದ್ದಕ್ಕೆ ಹೊಟ್ಟೆ ಉರಿಯಿತು. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಅದನ್ನು ಮೂರನೆಯ ಸಲ ಓದಿದಳು. ಎರಡೂ ಪ್ರತಿಗೆ ಉದ್ದುದ್ದ ಅಕ್ಷರದಲ್ಲಿ ರುಜು ಹಾಕಿ, ಒಂದನ್ನು ಮಡಚಿ ಸೆರಗಿಗೆ ಸೇರಿಸಿಕೊಂಡು ಹೊರಬಂದಳು.

ಎಳೆ ಸುತ್ತುವ ಕೋಣೆಯ ಬಾಗಿಲಲ್ಲಿ ನಾದಿನಿ ಕಾಯುತ್ತಿದ್ದಳು. “ಏನಂದ್ರು ಅತ್ತಿಗೆ?”

“ಕೆಲ್ಸ ಹೋಯ್ತು. ಇಲ್ನೋಡು, ಒಂದು ದಿನವೂ ತಪ್ಪದೆ ಕದ್ದಿದ್ದೀನಂತೆ. ಬರದೇ ಹೋದವಳು ಹೆಂಗೆ ಕದೀತಾಳೆ? ವರ್ಷ ಪೂರ್ತಿ ಬಂದಿದ್ದೀನಿ ಅಂತ ಸಾಹೇಬ್ರೇ ಸೀಲು ಹೊಡೆದುಕೊಟ್ಟವ್ರೆ. ಕಾರ್ಮಿಕರ ಕಚೇರಿಗೆ ಹೋಗ್ತೀನಿ.”

“ಕಳ್ಳಿ ಅಂತ ಹಿಡ್ಕೊಂಡ್ರೆ?”

“ಹಿಡೀಲಿ. ಲೋಳೆ ಕದ್ದಿದ್ದು ನಿಜ. ಅವರು ನನ್ನ ನಲವತ್ತು ದಿನ ಕದ್ದವ್ರೆ, ಅದನ್ನೂ ಕೇಳಲಿ.”

ನಾದಿನಿ ಕಾಗದವನ್ನು ಇಸಿದುಕೊಂಡು ಒಳಗೆ ಹೋದಳು. ಉಳಿದ ಹತ್ತು ಜನ ಕಡ್ಡಿ ಕೆಳಗಿಟ್ಟು ಸುತ್ತ ಸೇರಿದರು. ಅವಳು ಗಟ್ಟಿಯಾಗಿ ಓದಿದಳು. ಅವರಲ್ಲಿ ಇಪ್ಪತ್ತು ದಿನಕ್ಕಿಂತ ಕಡಿಮೆ ಹಾಜರಿ ಕಳೆದುಕೊಂಡವರು ಒಬ್ಬರೂ ಇರಲಿಲ್ಲ. ಮೇಸ್ತ್ರಿ ಕೂಗುತ್ತಲೇ ಇದ್ದ, ತೊಟ್ಟಿಯಲ್ಲಿ ಎಳೆ ತೇಲುತ್ತಲೇ ಇತ್ತು.

ಟೈ ಸಾಹೇಬರು ಚಹಾ ಕುಡಿಯುತ್ತಿದ್ದಾಗ ಬಾಗಿಲು ತೆರೆಯಿತು. ಹನ್ನೊಂದು ಜನ ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಮೊಣಕೈತನಕ ಲೋಳೆ ಮೆತ್ತಿಕೊಂಡಿತ್ತು, ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಏನ್ರೇ ಇದು ಗಲಾಟೆ?”

ನಾದಿನಿ ಗುಮಾಸ್ತನ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು.

“ಗಲಾಟೆ ಏನಿಲ್ಲ ಸಾರ್. ನಾವೂ ಕದ್ದಿದ್ದೀವಿ. ಮೊದಲ ದಿನದಿಂದ ಶುರು ಮಾಡ್ತೀನಿ, ತಾರೀಕು ಹೇಳ್ತಾ ಹೋಗ್ತೀನಿ, ಬರ್ಕೊಳ್ಳಿ.”