ಟ್ರಂಕಾಲ್ ದೊಡ್ಡಮ್ಮ ಕೊಟ್ಟ ಲೈನು

ಫೋನಿನಲ್ಲಿ ಮಾತಾಡುವಾಗ ಟ್ರಂಕಾಲ್ ದೊಡ್ಡಮ್ಮ ಕೂತದ್ದನ್ನು ನಾನು ಈವರೆಗೂ ಕಂಡಿಲ್ಲ. ನಂಬರು ಒತ್ತುವ ಮುನ್ನ ಎದ್ದು ನಿಂತು, ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, ಅತ್ತ ಕಡೆಯವರು ಎದುರಿಗೇ ಪ್ರತ್ಯಕ್ಷರಾಗಿದ್ದಾರೋ ಎಂಬಂತೆ ಬೆನ್ನು ನೆಟ್ಟಗೆ ಮಾಡುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರಾಗಿ ದೂರದೂರಿನ ಕರೆಗಳನ್ನು ಜೋಡಿಸಿದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಆ ಗತ್ತು ಎಳ್ಳಷ್ಟೂ ಇಳಿದಿಲ್ಲ. ಇಡೀ ಕಟ್ಟಡಕ್ಕೇ ಅವರು ದೊಡ್ಡಮ್ಮ, ಎದುರು ಬಾಗಿಲಿನವನಾದ ನನಗೂ.

ನಿಜಕ್ಕೂ ಅವರನ್ನು ದೊಡ್ಡಮ್ಮ ಎನ್ನುವ ಹಕ್ಕಿದ್ದದ್ದು ಜೊತೆಯಲ್ಲಿದ್ದ ತಂಗಿಯ ಮಗಳಿಗೆ. ಆಕೆ ಸಿಟಿ ಬಸ್ಸಿನ ಚಾಲಕಿ. ಒಂದು ಬೆಳಿಗ್ಗೆ ಸೈಕಲ್ ಸವಾರನೊಬ್ಬ ಬಸ್ಸಿಗೆ ಅಡ್ಡ ಬಂದ. ಪುಣ್ಯಕ್ಕೆ ಬ್ರೇಕು ಹಿಡಿಯಿತು, ಅವನು ಮೊಣಕಾಲು ತರಚಿಕೊಂಡು ಎದ್ದು ಹೋದ. ಏಳಲಾಗದೆ ಉಳಿದವಳು ಇವಳು. ಅಂದಿನಿಂದ ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುತ್ತಿತ್ತು, ಉಸಿರು ಕಟ್ಟುತ್ತಿತ್ತು. ಆರು ವಾರದೊಳಗೆ ಚಿಕಿತ್ಸೆ ಆರಂಭಿಸಿದ ಪತ್ರ ತರದಿದ್ದರೆ ಕೆಲಸ ಹೋಗುತ್ತದೆಂದು ಡಿಪೋದವರು ಹೇಳಿಬಿಟ್ಟರು. ಆರೋಗ್ಯ ವಿಮೆಯೇನೋ ಇತ್ತು, ಆದರೆ ವಿಮಾ ಕಂಪನಿಯ ಪಟ್ಟಿಯಲ್ಲಿರುವ, ಮನಸ್ಸಿಗೆ ಚಿಕಿತ್ಸೆ ಕೊಡುವ ಥೆರಪಿಸ್ಟೇ ಆಗಬೇಕು. ಪಟ್ಟಿಯಲ್ಲಿ ಮೂವತ್ತೊಂದು ಹೆಸರು. ಹುಡುಗಿ ಮೂರು ನಂಬರು ಪ್ರಯತ್ನಿಸಿ ನಾಲ್ಕನೆಯದಕ್ಕೆ ಅಳುತ್ತಾ ಕೂತಳು.

"ಇತ್ತ ಕೊಡು," ಎಂದರು ದೊಡ್ಡಮ್ಮ. "ನೀನು ಬಸ್ ಓಡಿಸೋಳು. ಫೋನು ನನ್ನ ಕಸುಬು."

ಆ ಪಟ್ಟಿಯ ವೈಭವವನ್ನು ಏನೆಂದು ಬಣ್ಣಿಸಲಿ! ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಮತ್ತೊಬ್ಬರಲ್ಲಿ ಏಳು ತಿಂಗಳು ಕಾಯಬೇಕು. ಒಂಬತ್ತನೆಯ ಕಡೆ ಮಾತ್ರ "ಹೂಂ, ಆ ವಿಮೆ ತಗೋತೀವಿ" ಎಂದರು. ಇಬ್ಬರೂ ಎರಡು ಬಸ್ಸು ಬದಲಿಸಿ, ಹುಡುಗಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಕೂತು, ಅಲ್ಲಿಗೆ ಹೋದರೆ, ಆ ಕಂಪನಿಯ ಬೇರೆ ಪ್ಲಾನುಗಳೆಲ್ಲ ನಡೆಯುತ್ತವೆ, ಇವಳದೊಂದು ನಡೆಯುವುದಿಲ್ಲ ಎಂದುಬಿಟ್ಟರು. ಜೀವಮಾನದಲ್ಲಿ ಯಾರಿಗೂ ರಾಂಗ್ ನಂಬರು ಕೊಡದ ದೊಡ್ಡಮ್ಮನ ಮುಖ ಅಂದು ಸಪ್ಪಗಾಗಿತ್ತು.

"ತಪ್ಪು ನಂದೇ ಕಣಪ್ಪ," ಎಂದರು ನನ್ನ ಹತ್ತಿರ. "ನಾನು ಕೇಳಿದ್ದೇ ಸರಿಯಿರಲಿಲ್ಲ."

ಮರುದಿನದಿಂದ ಪ್ರಶ್ನೆಯನ್ನೇ ಬದಲಿಸಿದರು: "ನಮ್ಮ ಪ್ಲಾನಿನವರು ಈ ತಿಂಗಳು ಯಾರಾದ್ರೂ ನಿಮ್ಮಲ್ಲಿ ತೋರಿಸ್ಕೊಂಡಿದಾರಾ?" ಬಾಯಿಗೆ ಬಂದಂತೆ ಹೂಂಗುಟ್ಟುವವರೂ ಈ ಪ್ರಶ್ನೆಗೆ ತಡವರಿಸಿ ನಿಜ ಹೇಳುತ್ತಿದ್ದರು.

ಇಪ್ಪತ್ತೇಳನೆಯವರು ಸಿಕ್ಕರು. ಅದೇ ಪ್ಲಾನಿನ ಇಬ್ಬರನ್ನು ನೋಡುತ್ತಿದ್ದ ಥೆರಪಿಸ್ಟು, ಗುರುವಾರ ಬಿಡುವೂ ಇತ್ತು. ಆದರೆ ಕಂಪನಿಯ ಒಪ್ಪಿಗೆ ಬರಲಿ ಎಂದರು ಕ್ಲಿನಿಕ್ಕಿನವರು. ಕ್ಲಿನಿಕ್ಕಿನವರೇ ಕಾಗದ ಕಳಿಸಿಲ್ಲ ಎಂದರು ಕಂಪನಿಯವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನಾಲ್ಕು ದಿನ ಕಳೆಯಿತು. ಡಿಪೋದವರ ಗಡುವಿಗೆ ಉಳಿದದ್ದು ಇನ್ನೊಂದೇ ವಾರ.

ಐದನೆಯ ದಿನ ಪೇಪರು ಕೊಡಲು ಹೋದ ನಾನು ಅಲ್ಲೇ ಇದ್ದೆ. ದೊಡ್ಡಮ್ಮ ಕಂಪನಿಯ ಗುಮಾಸ್ತನನ್ನು ಹಿಡಿದು, "ಒಂದ್ನಿಮಿಷ ಲೈನಲ್ಲಿರಿ," ಎಂದು, ಅದೇ ಫೋನಿನಲ್ಲಿ ಕ್ಲಿನಿಕ್ಕಿಗೂ ಹಚ್ಚಿ, ಎರಡನ್ನೂ ಜೋಡಿಸಿಬಿಟ್ಟರು.

"ಈಗ ನೀವಿಬ್ರೂ ಮಾತಾಡ್ಕೊಳ್ಳಿ. ನಾನು ಕೇಳಿಸ್ಕೊತಾ ಇರ್ತೀನಿ."

ಆಮೇಲೆ ನೋಡಿ, ನಾಲ್ಕು ದಿನದಿಂದ ಕಾಣದಿದ್ದ ಕಾಗದ ಆರು ನಿಮಿಷದಲ್ಲಿ ಸಿಕ್ಕಿತು, ಒಪ್ಪಿಗೆಯೂ ಆಯಿತು. ನನಗಂತೂ ಚಪ್ಪಾಳೆ ತಟ್ಟಬೇಕೆನಿಸಿತು.

ಆಗ ಥೆರಪಿಸ್ಟೇ ಫೋನಿಗೆ ಬಂದು, ಹುಡುಗಿಗೆ ಏನಾಗುತ್ತಿದೆ ಎಂದು ಕೇಳಿದರು. ದೊಡ್ಡಮ್ಮ ಬಾಯಿ ತೆರೆದರು. ಆ ಸೈಕಲ್ಲಿನ ಕತೆಯನ್ನು ಇಪ್ಪತ್ತು ಕಡೆ ಒಪ್ಪಿಸಿ ಅವರಿಗೆ ಕಂಠಪಾಠವಾಗಿತ್ತು. ಆದರೂ "ಅವಳೇ ಹೇಳ್ತಾಳೆ," ಎಂದು ಫೋನನ್ನು ಅವಳ ಕೈಗಿಟ್ಟರು. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿವಿಗಿಟ್ಟಳು. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಹೊರಗೆ ತಂದು ಬಾಗಿಲೆಳೆದುಕೊಂಡರು.

ಮೆಟ್ಟಿಲ ಬಳಿ ನಿಂತೆವು. ಒಳಗಿನಿಂದ ಬಿಕ್ಕುವ ಸದ್ದು ಬಂದಾಗ ನಾನು, ಮನುಷ್ಯ ಸ್ವಭಾವ, ಬಾಗಿಲಿಗೆ ಕಿವಿ ಕೊಟ್ಟೆ.

"ಈ ಕಡೆ ಬಾ," ಎಂದರು ದೊಡ್ಡಮ್ಮ. "ಲೈನ್ ಕೊಟ್ಟ ಮೇಲೆ ಕೇಳಬಾರದು." ಅವರ ಕಣ್ಣು ತುಂಬಿತ್ತು. ಹೋಗಿ ತಬ್ಬಿಕೊಳ್ಳಬೇಕೆಂದು ಜೀವ ಎಷ್ಟು ಒದ್ದಾಡುತ್ತಿತ್ತೆಂಬುದು ಕಂಬಿ ಹಿಡಿದ ಕೈಯಲ್ಲೇ ಕಾಣುತ್ತಿತ್ತು. ಕದಲಲಿಲ್ಲ.

ಕೊನೆಗೆ ಬಾಗಿಲು ತೆರೆದಾಗ ಹುಡುಗಿಯ ಮುಖ ಕೆಂಪಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಗುರುವಾರ ಎರಡು ಗಂಟೆಗೆ. ನಾನೊಬ್ಳೇ ಹೋಗ್ತೀನಿ ದೊಡ್ಡಮ್ಮ."

ಈಗ ಅವಳು ಮತ್ತೆ ಬಸ್ಸು ಓಡಿಸುತ್ತಾಳೆ. ಆ ದಿನ ಒಳಗೆ ಏನು ಮಾತಾಯಿತೆಂದು ದೊಡ್ಡಮ್ಮ ಕೇಳಿಲ್ಲ, ಕೇಳುವುದೂ ಇಲ್ಲ. ಉಪಕಾರ ಮಾಡಿದ ಮೇಲೆ ಅದರ ಒಳಹೊರಗನ್ನೆಲ್ಲ ತಿಳಿಯುವ ಹಕ್ಕು ತಮಗಿದೆಯೆಂದು ನಂಬಿದವರು ನಮ್ಮಲ್ಲಿ ಹೇರಳ, ನಾನೂ ಅವರಲ್ಲೊಬ್ಬ. ಬೇರೊಂದು ಜಾತಿಯ ಜನರಿದ್ದಾರೆ: ನಮಗಾಗಿ ಲೋಕದ ಜೊತೆ ಜಗಳವಾಡಿ ಬಾಗಿಲು ತೆಗೆಸಿ, ನಮ್ಮನ್ನು ಒಳಗೆ ಬಿಟ್ಟು, ತಾವು ಹೊರಗೇ ನಿಲ್ಲುತ್ತಾರೆ. ನಮ್ಮ ಅಳು ನಮ್ಮದಾಗಿಯೇ ಉಳಿಯುವುದು ಅಂಥವರ ದಯೆಯಿಂದ.